ಮ್ಯಾಟಿಗೆ ಅರ್ತಿಂಗ್ ಇದೆ, ಬಬಲ್ ಕವರಿಗೆ?

ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ಮಾಡುವ ಹುಡುಗರು ಈಗ, ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ ಚಿಪ್ಪುಗಳನ್ನು ಕೆಡಿಸದಿರಲೆಂದು, ಶ್ರದ್ಧೆಯಿಂದ ಮಣಿಕಟ್ಟಿಗೆ ಅರ್ತಿಂಗ್ ತಂತಿಯ ರಿಸ್ಟ್ ಸ್ಟ್ರಾಪ್ ಕಟ್ಟಿಕೊಳ್ಳುತ್ತಾರೆ, ಮೇಜಿಗೆ ಅರ್ತಿಂಗ್ ಇರುವ ಮ್ಯಾಟ್ ಹಾಸುತ್ತಾರೆ. ಸಂತೋಷ. ಆದರೆ ಅದೇ ಮ್ಯಾಟಿನ ಮೇಲೆ, ಬೋರ್ಡಿಗೆ ಒತ್ತಿಕೊಂಡೇ, ಪಾರ್ಸೆಲ್ಲಿನ ಬಬಲ್ ಕವರ್, ಕಿತ್ತೆಸೆದ ಸೆಲ್ಲೋಟೇಪ್, ಥರ್ಮೋಕೋಲ್ ತುಂಡು! ಕೇಳಿದರೆ ‘ಮ್ಯಾಟಿಗೆ ಅರ್ತಿಂಗ್ ಇದೆಯಲ್ಲ ಸಾರ್’ ಎನ್ನುತ್ತಾರೆ.

ಅರ್ತಿಂಗ್ ತಂತಿ ದಾರಿ ಕೊಡುತ್ತದೆ, ಅಷ್ಟೇ. ಆ ದಾರಿಯ ತನಕ ಚಾರ್ಜ್ ತಾನೇ ಹರಿದು ಬರಬೇಕು. ನಮ್ಮ ಮೈಯಲ್ಲಿ ಅದು ಸಲೀಸಾಗಿ ಹರಿಯುತ್ತದೆ. ಮೈಯ ಧಾರಕತೆ, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಸುಮಾರು 100 ಪೈಕೋಫ್ಯಾರಡ್, ಸ್ಟ್ರಾಪಿನೊಳಗಿನ ರೆಸಿಸ್ಟರ್ 1 ಮೆಗಾಓಮ್ ಎಂದರೆ ಒಂದು ಮಿಲಿಸೆಕೆಂಡಿನೊಳಗೆ ಮೈ ಖಾಲಿ. ಪ್ಲಾಸ್ಟಿಕ್ಕಾದರೋ ಅವಾಹಕ, ಅದರಲ್ಲಿ ಚಾರ್ಜ್ ಹರಿಯುವುದಿಲ್ಲ. ಉಜ್ಜಿದ ಜಾಗದಲ್ಲಿ ಹುಟ್ಟಿದ ಚಾರ್ಜ್ ಅಲ್ಲೇ ಕೂತಿರುತ್ತದೆ, ಒಣಹವೆಯಲ್ಲಿ ಗಂಟೆಗಟ್ಟಲೆ. ಮ್ಯಾಟಿನ ಮೇಲಿಟ್ಟರೂ ಅಷ್ಟೇ, ನೀವು ಕೈಯಲ್ಲಿ ಹಿಡಿದರೂ ಅಷ್ಟೇ.

ಇಲ್ಲೊಂದು ಮೋಸವಿದೆ. ಮ್ಯಾಟಿನ ಮೇಲೆ ಮಲಗಿರುವ ಕವರಿಗೆ ಫೀಲ್ಡ್ ಮೀಟರ್ (ಮುಟ್ಟದೆಯೇ ಚಾರ್ಜಿನ ಪ್ರಭಾವ ಅಳೆಯುವ ಉಪಕರಣ) ಹಿಡಿದರೆ ತೀರಾ ಕಡಿಮೆ ವೋಲ್ಟ್ ತೋರಿಸುತ್ತದೆ. ‘ನೋಡಿ, ಇಳಿದುಹೋಯಿತು’ ಎನ್ನುತ್ತಾರೆ. ಇಳಿದಿಲ್ಲ. ಕವರಿನ ಋಣ ಚಾರ್ಜ್ ನೆಲದಿಂದ ಧನ ಚಾರ್ಜನ್ನು ಮ್ಯಾಟಿನೊಳಗೆ ತನ್ನಡಿಗೇ ಎಳೆದುಕೊಂಡಿದೆ. ಮೀಟರಿಗೆ ಎರಡೂ ಸೇರಿ ಕಾಣುತ್ತವೆ, ಒಂದನ್ನೊಂದು ಹೆಚ್ಚುಕಮ್ಮಿ ಅಳಿಸಿಹಾಕುತ್ತವೆ. ಕವರನ್ನು ಒಂದು ಗೇಣು ಮೇಲೆತ್ತಿ: ಮುಳ್ಳು ಸಾವಿರಗಳಿಗೆ ಜಿಗಿಯುತ್ತದೆ. ಆಕರ್ಷಣೆಯ ವಿರುದ್ಧ ಎಳೆಯಲು ಕೈ ಪಟ್ಟ ಶ್ರಮವೇ ವೋಲ್ಟೇಜಾಗಿ ಬಂದಿರುತ್ತದೆ. ಆದ್ದರಿಂದ ಅಳೆಯುವುದಾದರೆ ಎತ್ತಿ ಹಿಡಿದೇ ಅಳೆಯಿರಿ.

ಈಗ ಬೋರ್ಡಿನ ಪಾಡು. ಅದರ ಮೇಲೆ ಚಾರ್ಜ್ ಇಲ್ಲವೆಂದೇ ಇಟ್ಟುಕೊಳ್ಳಿ. ಋಣ ಚಾರ್ಜಿನ ಕವರ್ ಹತ್ತಿರವಿದ್ದರೆ ತಾಮ್ರದ ಎಲೆಕ್ಟ್ರಾನುಗಳು ಆಚೆ ತುದಿಗೆ ಸರಿಯುತ್ತವೆ. ಆ ಹೊತ್ತಿಗೆ ನಿಮ್ಮ ಕೈಯ ಲೋಹದ ಟ್ವೀಜರ್ ತಾಗಿದರೆ ಅದರ ಮೂಲಕ ಹೊರಗೆ ಹಾರುತ್ತವೆ. ಅದು ಮೊದಲ ಕಿಡಿ. ಕವರ್ ತೆಗೆಯುತ್ತೀರಿ, ಎಲೆಕ್ಟ್ರಾನ್ ಕಳೆದುಕೊಂಡ ಬೋರ್ಡು ಈಗ ಧನ. ಮತ್ತೆ ಲೋಹ ತಾಗಿದಾಗ ಎರಡನೆಯ ಕಿಡಿ. ಲೋಹಕ್ಕೆ ಲೋಹ ತಾಗುವ ಇಂಥ ಕಿಡಿ ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಕರೆಂಟ್ ಮಾತ್ರ ಆಂಪಿಯರುಗಳ ಲೆಕ್ಕದಲ್ಲಿ. ಸ್ಟ್ರಾಪ್ ಕಟ್ಟಿದ್ದರೂ ಇದು ನಡೆಯುತ್ತದೆ. ‘ನನಗೇನೂ ಚುರ್ ಅನ್ನಲಿಲ್ಲ’ ಎಂಬುದು ಸಾಕ್ಷಿಯಲ್ಲ. ಬೆರಳಿಗೆ ಗೊತ್ತಾಗಲು ಸುಮಾರು 3000 ವೋಲ್ಟ್ ಬೇಕು. ನೂರಿನ್ನೂರು ವೋಲ್ಟಿಗೇ ಕೈಕೊಡುವ ಬಿಡಿಭಾಗಗಳಿವೆ. ಸತ್ತ ಐಸಿ ಚಿಪ್ಪುಗಳೆಲ್ಲ ಹೀಗೇ ಸತ್ತವು ಎನ್ನಲಾರೆ, ನೀರು, ಶಾರ್ಟ್, ಅತಿಯಾದ ಬಿಸಿ ಎಲ್ಲವೂ ಇವೆ.

ಉಪಾಯವೆಂದರೆ ದೂರ ಇಡುವುದು. 2.5 ಸೆಂಟಿಮೀಟರಿನಲ್ಲಿ ಅಳೆದಾಗ 2000 ವೋಲ್ಟ್ ಮೀರುವ ಅವಾಹಕವನ್ನು ಬೋರ್ಡಿನಿಂದ 30 ಸೆಂಟಿಮೀಟರ್ ಆಚೆ ಇಡುವುದು ಉದ್ಯಮದ ರೂಢಿ. ಮೀಟರ್ ಇಲ್ಲದವರು ಎಲ್ಲ ಪ್ಲಾಸ್ಟಿಕ್ಕನ್ನೂ ಅಷ್ಟು ದೂರ ಇಟ್ಟುಬಿಡಿ. ದೂರ ಎರಡರಷ್ಟಾದರೆ ಬಲ ಕಾಲುಭಾಗವಾಗುತ್ತದೆಂಬ ಕೂಲಂಬನ ಲೆಕ್ಕ ಬಿಂದುವಿನಂಥ ಚಾರ್ಜಿಗೆ. ಅಗಲವಾದ ಹಾಳೆಯ ಸಮೀಪದಲ್ಲಿ ಪ್ರಭಾವ ಅಷ್ಟು ಬೇಗ ಇಳಿಯುವುದಿಲ್ಲ, ಹಾಗಾಗಿ ಐದಾರು ಸೆಂಟಿಮೀಟರ್ ಸರಿಸಿ ಕೈತೊಳೆದುಕೊಳ್ಳಬೇಡಿ. ಪಾರ್ಸೆಲ್ಲನ್ನು ಬೇರೆ ಮೇಜಿನಲ್ಲೇ ಬಿಚ್ಚಿ.

ಬೋರ್ಡಿಗೇ ಅಂಟಿಸಿದ ಟೇಪನ್ನು ದೂರ ಇಡಲಾಗದು, ನಿಜ. ಅಲ್ಲಿಗೆ ಅಯಾನೈಸರ್ ಫ್ಯಾನ್ ಬೇಕು, ಅಂದರೆ ಸೂಜಿಗಳಿಂದ ಧನ, ಋಣ ಅಯಾನುಗಳನ್ನು ಹುಟ್ಟಿಸಿ ಗಾಳಿಯಲ್ಲಿ ಬೀಸಿ ಚಾರ್ಜನ್ನು ಅಳಿಸುವ ಫ್ಯಾನ್. ಗಾಳಿ ನೇರ ಬೋರ್ಡಿಗೆ ಬೀಸುವಂತಿಟ್ಟು ಟೇಪನ್ನು ನಿಧಾನ ಎಳೆಯಿರಿ. ಫ್ಯಾನಿನ ಸೂಜಿಗಳಲ್ಲಿ ದೂಳು ಕೂತರೆ ಧನ, ಋಣ ಅಯಾನುಗಳ ಸಮತೋಲ ತಪ್ಪಿ ಫ್ಯಾನೇ ಬೋರ್ಡಿಗೆ ಚಾರ್ಜ್ ಏರಿಸುತ್ತದೆ.

ಇನ್ನು ಬೋರ್ಡುಗಳನ್ನು ಹಾಕಿಡುವ ಆ ಗುಲಾಬಿ ಬಣ್ಣದ ಆ್ಯಂಟಿಸ್ಟಾಟಿಕ್ ಕವರ್. ಅದು ತಾನು ಉಜ್ಜಿ ಚಾರ್ಜ್ ಹುಟ್ಟಿಸುವುದು ಕಡಿಮೆ, ಆದರೆ ಹೊರಗಿನ ಚಾರ್ಜಿನ ಪ್ರಭಾವವನ್ನು ತಡೆಯುವುದಿಲ್ಲ. ತಡೆಯಲು ಲೋಹದ ಪದರವಿರುವ ಬೆಳ್ಳಿ ಬಣ್ಣದ ಕವರೇ ಬೇಕು, ತೂತಿಲ್ಲದ್ದು, ಬಾಯಿ ಮಡಚಿದ್ದು.