ಲಾಕ್ ಹಾಕಿದ್ದರೂ ಮೊತ್ತ ತಪ್ಪುವುದೇಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕೊಯ್ದ ಕಾಫಿ ಹಣ್ಣು ತೂಗಲು ಎರಡು ತಕ್ಕಡಿಗಳಿವೆ. ಎರಡರ ತೂಕವೂ ಒಂದೇ ಮೊತ್ತಕ್ಕೆ ಸೇರಲೆಂದು ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ, ತಕ್ಕಡಿಗೊಂದು ಥ್ರೆಡ್ (ಪ್ರೋಗ್ರಾಂ ಒಳಗೆ ಉಳಿದವುಗಳ ಜೊತೆಜೊತೆಗೇ ನಡೆಯುವ ಕೆಲಸದ ಎಳೆ). ಒಂದು ಸಲಕ್ಕೆ ಒಂದೇ ಥ್ರೆಡ್ ಮೊತ್ತವನ್ನು ಮುಟ್ಟಲೆಂದು ಲಾಕ್ ಹಾಕಿದ್ದರೂ ಕೆಲವು ಸಂಜೆ ಮೊತ್ತ ಕಡಿಮೆ ಬರುತ್ತದೆ. ಏಕೆ?

ನೀವು ಕಳುಹಿಸಿದ ಕೋಡ್ ಓದಿದೆ. ಲಾಕ್ ಕೆಟ್ಟಿಲ್ಲ. ನಿಮ್ಮಲ್ಲಿರುವುದು ಒಂದು ಲಾಕ್ ಅಲ್ಲ, ಎರಡು.

ಮೊತ್ತ ಎಲ್ಲಿ ಸೋರುತ್ತದೆ ಎಂಬುದನ್ನು ಮೊದಲು ನೋಡೋಣ. ‘38 ಸೇರಿಸು’ ಎಂಬುದು ನಮ್ಮ ಕಣ್ಣಿಗೆ ಒಂದೇ ಕೆಲಸ. ಯಂತ್ರಕ್ಕೆ ಅದು ಮೂರು: ಹಳೆಯ ಮೊತ್ತವನ್ನು ಓದಬೇಕು, ಕೂಡಬೇಕು, ಬರೆಯಬೇಕು. ಈಗ ಮೊತ್ತ 4200 ಕಿಲೋ ಇದೆ ಎನ್ನಿ. ಮೊದಲ ತಕ್ಕಡಿಯ ಥ್ರೆಡ್ 4200 ಓದಿಕೊಂಡಿತು. ಅದು ಬರೆಯುವ ಮೊದಲೇ ಎರಡನೆಯದೂ 4200 ಓದಿಕೊಂಡಿತು. ಒಂದು 38 ಕೂಡಿ 4238 ಎಂದು ಬರೆಯಿತು, ಇನ್ನೊಂದು 45 ಕೂಡಿ ಅದರ ಮೇಲೆಯೇ 4245 ಎಂದು ಬರೆಯಿತು. ಬರಬೇಕಾದದ್ದು 4283. ಯಾರೋ ಬೆನ್ನು ಬಾಗಿಸಿ ಕೊಯ್ದ 38 ಕಿಲೋ ಲೆಕ್ಕದಿಂದಲೇ ಮಾಯವಾಯಿತು. ಕೂಲಿ ತೂಕದ ಮೇಲೆ ನಿಂತಿರುವಾಗ ಇದನ್ನು ಸಣ್ಣ ತಪ್ಪೆಂದು ನಾನು ಒಪ್ಪುವುದಿಲ್ಲ.

ಲಾಕ್ ಮೊತ್ತಕ್ಕೆ ಬೀಗ ಜಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಗೋಡೆಯ ಮೊಳೆಗೆ ನೇತುಹಾಕಿದ ಬೀಗದ ಕೈ ಇದ್ದಂತೆ. ಆ ಬೀಗದ ಕೈ ಸಿಕ್ಕಿದವನು ಒಳಗೆ ಹೋಗಿ ಪುಸ್ತಕ ಬರೆದು, ಹೊರಬಂದು ಅದನ್ನು ಮೊಳೆಗೆ ಸಿಕ್ಕಿಸುತ್ತಾನೆ. ಉಳಿದವರು ಅಲ್ಲಿಯವರೆಗೆ ಕಾಯುತ್ತಾರೆ. ಎಲ್ಲರೂ ಅದೇ ಮೊಳೆಯ ಹತ್ತಿರ ಬಂದರೆ ಮಾತ್ರ ಈ ಏರ್ಪಾಡು ನಡೆಯುತ್ತದೆ. ನಿಮ್ಮ ಕೋಡ್‌ನಲ್ಲಿ ಪ್ರತಿ ಥ್ರೆಡ್ ತನ್ನೊಳಗೇ ಹೊಸ ಲಾಕ್ ಆಬ್ಜೆಕ್ಟ್ (ಪ್ರೋಗ್ರಾಂ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ವಸ್ತು) ಸೃಷ್ಟಿಸಿಕೊಳ್ಳುತ್ತಿದೆ. ಇಬ್ಬರ ಹತ್ತಿರವೂ ಬೇರೆ ಬೇರೆ ಬೀಗದ ಕೈ ಇರುವಾಗ ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ.

ಪರಿಹಾರ ಎರಡು ಸಾಲಿನದು. ಥ್ರೆಡ್‌ಗಳ ಹೊರಗೆ ಒಂದೇ ಒಂದು ಲಾಕ್ ಆಬ್ಜೆಕ್ಟ್ ಮಾಡಿ, ಆ ಹೆಸರು ಮುಂದೆ ಬೇರೊಂದು ಆಬ್ಜೆಕ್ಟನ್ನು ಹಿಡಿಯದಂತೆ ಅದನ್ನು ‘ಫೈನಲ್’ ಎಂದು ಘೋಷಿಸಿ. ಎರಡೂ ಥ್ರೆಡ್‌ಗಳಿಗೆ ಅದನ್ನೇ ಕೊಡಿ.

ಮೊತ್ತವನ್ನು ಇಟ್ಟುಕೊಂಡಿರುವ ‘ಇಂಟಿಜರ್’ (ಪೂರ್ಣಾಂಕ) ಆಬ್ಜೆಕ್ಟನ್ನೇ ಲಾಕ್ ಆಗಿ ಬಳಸುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಇಂಟಿಜರ್‌ನ ಬೆಲೆ ಬದಲಾಗುವುದಿಲ್ಲ. ಕೂಡಿದಾಗ ಮೊತ್ತಕ್ಕೆ ನೀವಿಟ್ಟ ಹೆಸರು ಬೇರೊಂದು ಆಬ್ಜೆಕ್ಟನ್ನು ಹಿಡಿಯುತ್ತದೆ. ಹಳೆಯ ಆಬ್ಜೆಕ್ಟಿನ ಮುಂದೆ ಒಂದು ಥ್ರೆಡ್ ಕಾಯುತ್ತಿರುವಾಗಲೇ ಇನ್ನೊಂದು ಹೊಸದನ್ನು ಹಿಡಿದು ಒಳಗೆ ನುಗ್ಗಬಹುದು.

‘ಸಿಂಕ್ರೊನೈಸ್ಡ್’ ಬ್ಲಾಕ್ (ಲಾಕ್ ಹಿಡಿದೇ ನಡೆಯುವ ಸಾಲುಗಳ ಗುಂಪು) ಬಳಸಿದರೆ ನಡುವೆ ದೋಷ ಎದುರಾಗಿ ಹೊರಬಿದ್ದರೂ ಲಾಕ್ ತಾನಾಗಿ ಬಿಡುಗಡೆಯಾಗುತ್ತದೆ. 2004ರ ಜಾವಾ 5ರಲ್ಲಿ ಬಂದ ಇನ್ನೊಂದು ಬಗೆಯ ಲಾಕ್, ‘ರೀಎಂಟ್ರಂಟ್‌ಲಾಕ್’ ಹಾಗಲ್ಲ. ಅದನ್ನು ನೀವೇ, ದೋಷ ಬಂದರೂ ತಪ್ಪದೆ ನಡೆಯುವ ‘ಫೈನಲಿ’ ಭಾಗದಲ್ಲಿ ಬಿಡಿಸಬೇಕು. ಮರೆತರೆ ಇನ್ನೊಂದು ತಕ್ಕಡಿ ಸುಮ್ಮನೆ ಕಾಯುತ್ತಲೇ ಇರುತ್ತದೆ. ಚೀಟಿ ಮುದ್ರಿಸುವ ಕೆಲಸವನ್ನೂ ಲಾಕ್ ಬಿಟ್ಟ ಮೇಲೆ ಮಾಡಿ, ಇಲ್ಲದಿದ್ದರೆ ನಿಧಾನದ ಪ್ರಿಂಟರ್ ಇಬ್ಬರನ್ನೂ ನಿಲ್ಲಿಸುತ್ತದೆ.

ಇನ್ನೊಂದು ಕಡೆ ನಿಮ್ಮ ಕಣ್ಣು ತಪ್ಪಿದೆ. ಪರದೆಯ ಮೇಲೆ ಮೊತ್ತ ತೋರಿಸುವ ಮೂರನೆಯ ಥ್ರೆಡ್ ಲಾಕ್ ಹಿಡಿಯದೆ ಓದುತ್ತಿದೆ. ಬರೆಯುವವರು ಎಷ್ಟೇ ಶಿಸ್ತಿನಿಂದ ಬರೆದರೂ ಅದಕ್ಕೆ ಹಳೆಯ ಅಂಕಿಯೇ ಕಾಣಬಹುದು. ಓದುವಾಗಲೂ ಅದೇ ಲಾಕ್ ಹಿಡಿಸಿ.