ರಾಜನೇ ಇಲ್ಲದ ಊರಿಗೆ ರಾಯಭಾರಿ ಏಕೆ?

ಓದುಗರ ಪ್ರಶ್ನೆ: ಫ್ರಾನ್ಸ್ ದೇಶವು ವಿಯೆನ್ನಾಕ್ಕೋ ಬರ್ಲಿನ್ನಿಗೋ ರಾಯಭಾರಿಯನ್ನು ಕಳಿಸಿತು ಅಂದರೆ ಅರ್ಥವಾಗುತ್ತದೆ. ಆದರೆ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್‌ನಂಥ ವರ್ತಕರ ಊರುಗಳಿಗೂ ಶತಮಾನಗಟ್ಟಲೆ ಪ್ರತಿನಿಧಿಯನ್ನು ಕಳಿಸುತ್ತಿತ್ತಂತೆ. ಅಲ್ಲಿ ರಾಜನೂ ಇಲ್ಲ, ಆಸ್ಥಾನವೂ ಇಲ್ಲ. ವ್ಯಾಪಾರ ನೋಡಿಕೊಳ್ಳಲು ಒಬ್ಬ ಕಾನ್ಸುಲ್ ಸಾಕಾಗುತ್ತಿರಲಿಲ್ಲವೇ?

ಸಾಕಾಗುತ್ತಿರಲಿಲ್ಲ. ಕಾನ್ಸುಲ್ ಎಂದರೆ ಹಡಗು, ಸರಕು, ನಾವಿಕರ ಜಗಳ, ತನ್ನ ದೇಶದ ವರ್ತಕರ ತಂಟೆ ತಕರಾರು ನೋಡಿಕೊಳ್ಳುವ ಅಧಿಕಾರಿ. ಹ್ಯಾಂಬರ್ಗಿನಲ್ಲಿ ಫ್ರಾನ್ಸಿಗೆ ಇದಕ್ಕಿಂತ ದೊಡ್ಡದೊಂದು ಬೇಕಿತ್ತು. ಯುದ್ಧ ನಡೆಯುತ್ತಿರುವಾಗಲೂ ಹಣ ಕೈ ಬದಲಾಗುವ, ಸುದ್ದಿ ಸಿಗುವ, ಶತ್ರುವಿನ ದೂತನನ್ನು ಭೇಟಿ ಮಾಡಲು ಸಾಧ್ಯವಿರುವ, ಯಾರ ಪಕ್ಷಕ್ಕೂ ಸೇರದ ಒಂದು ಊರು ಬೇಕಿತ್ತು. ಹ್ಯಾಂಬರ್ಗಿನ ಬೆಲೆ ಇದ್ದದ್ದೇ ಆ ತಟಸ್ಥತೆಯಲ್ಲಿ.

ಈ ಮೂರು ನಗರಗಳು ಹಾನ್ಸಾ ಎಂಬ ಹಳೆಯ ವರ್ತಕ ಕೂಟದ ಉಳಿಕೆಗಳು. ಕೂಟದ ಕೊನೆಯ ಮಹಾಸಭೆ ನಡೆದದ್ದು 1669ರಲ್ಲಿ, ಲ್ಯೂಬೆಕ್‌ನಲ್ಲಿ. ಆಮೇಲೂ ಆ ಹೆಸರನ್ನು ಈ ಮೂವರೇ ಹೊತ್ತು ನಡೆದರು. ಲೆಕ್ಕಕ್ಕೆ ಇವೆಲ್ಲ ಜರ್ಮನ್ ನಾಡುಗಳ ಒಡೆಯನಾದ ಪವಿತ್ರ ರೋಮನ್ ಚಕ್ರವರ್ತಿಯ ಅಧೀನ. ಆದರೆ ಆಡಳಿತ ಸೆನೆಟ್ ಎಂಬ ತಮ್ಮದೇ ನಗರಸಭೆಯ ಕೈಯಲ್ಲಿತ್ತು, ಪರದೇಶದೊಡನೆ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವೂ ಇತ್ತು. ಫ್ರಾನ್ಸಿನ ಜೊತೆ 1655ರಲ್ಲಿ ಒಂದು, 1716ರಲ್ಲಿ ಇನ್ನೊಂದು ವ್ಯಾಪಾರ ಒಪ್ಪಂದ ಆಯಿತು. ಒಪ್ಪಂದ ಮಾಡಿಕೊಳ್ಳುವ ಸರ್ಕಾರ ಇದ್ದಲ್ಲಿ ಅದರ ಮುಂದೆ ಕೂತು ಮಾತಾಡಲು ಅಧಿಕಾರಪತ್ರ ಹೊತ್ತ ಮನುಷ್ಯ ಬೇಕೇ ಬೇಕು.

ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಊರೂರುಗಳು ಸುಟ್ಟು ಹೋದವು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಭದ್ರವಾದ ಕೋಟೆ ಕಟ್ಟಲು ಆರಂಭಿಸಿದ್ದ ಹ್ಯಾಂಬರ್ಗ್ ಉಳಿದುಕೊಂಡಿತು. 1619ರಲ್ಲಿ ಸ್ಥಾಪನೆಯಾದ ಬ್ಯಾಂಕು ಅಲ್ಲಿತ್ತು, ಅಂಚೆ ಇತ್ತು, ಎಲ್ಲ ಪಕ್ಷಗಳ ದೂತರೂ ಇದ್ದರು. ಫ್ರಾನ್ಸಿನ ದೂತ ಕ್ಲೋಡ್ ದಾವೋ ಸ್ವೀಡನ್ನಿನೊಡನೆ 1638ರಲ್ಲಿ ಮೈತ್ರಿಯನ್ನು ಗಟ್ಟಿ ಮಾಡಿಕೊಂಡದ್ದು ಇಲ್ಲೇ. 1641ರ ಕ್ರಿಸ್‌ಮಸ್ ದಿನ ಇದೇ ಊರಿನಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಬಿತ್ತು: ಶಾಂತಿ ಮಾತುಕತೆ ಮ್ಯೂನ್‌ಸ್ಟರ್ ಮತ್ತು ಓಸ್ನಾಬ್ರ್ಯೂಕ್ ಪಟ್ಟಣಗಳಲ್ಲಿ ನಡೆಯಬೇಕು ಎಂಬ ತೀರ್ಮಾನ. ಅದರಿಂದ ಹುಟ್ಟಿದ್ದೇ ಆ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಶಾಂತಿ. ವೆಸ್ಟ್‌ಫಾಲಿಯಾವನ್ನು ಎಲ್ಲ ಪಠ್ಯಪುಸ್ತಕಗಳೂ ನೆನೆಯುತ್ತವೆ. ಅದಕ್ಕೆ ದಾರಿ ಮಾಡಿಕೊಟ್ಟ ವರ್ತಕರ ಊರಿಗೂ ಅದರಲ್ಲಿ ಒಂದು ಸಾಲು ಸಲ್ಲಬೇಕು.

18ನೇ ಶತಮಾನದಲ್ಲಿ ಇದಕ್ಕೆ ಸಕ್ಕರೆಯೂ ಸೇರಿತು. ಇಂದಿನ ಹೈಟಿಯಾದ ಸಾಂ ದೊಮಾಂಗ್‌ನಲ್ಲಿ ಗುಲಾಮರ ಬೆವರಿನಿಂದ ಬೆಳೆದ ಸಕ್ಕರೆ, ಕಾಫಿ ಬೋರ್ಡೋ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹ್ಯಾಂಬರ್ಗಿನ ನೂರಾರು ಸಕ್ಕರೆ ಕಾರ್ಖಾನೆಗಳಿಗೆ, ಮುಂದೆ ಎಲ್ಬೆ ನದಿಯ ಮೇಲೆ ಒಳನಾಡಿಗೆ. ಈ ಸಂಬಂಧ ಕಡಿದರೆ ಎರಡೂ ದಡದಲ್ಲಿ ನಷ್ಟ.

ಕಡಿಯುವ ಕಾಲ 1793ರಲ್ಲಿ ಬಂತು. ಸಾಮ್ರಾಜ್ಯಕ್ಕೂ ಕ್ರಾಂತಿಯ ಫ್ರಾನ್ಸಿಗೂ ಯುದ್ಧ. ಚಕ್ರವರ್ತಿಯ ಕಡೆಯ ಒತ್ತಡಕ್ಕೆ ಮಣಿದ ಹ್ಯಾಂಬರ್ಗ್ ಫ್ರೆಂಚ್ ಪ್ರತಿನಿಧಿಯನ್ನು ಊರಿನಿಂದ ಕಳಿಸಿಬಿಟ್ಟಿತು. 1795ರಲ್ಲಿ ಫ್ರಾನ್ಸ್ ಹೊಸಬನನ್ನು ನೇಮಿಸಿತು. ಅವನೇ ಕಾರ್ಲ್ ಫ್ರೀಡ್ರಿಶ್ ರೈನ್‌ಹಾರ್ಡ್. ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ಆಪ್ತನಾಗುವವನು ಇವನು. ವ್ಯೂರ್ಟೆಂಬರ್ಗ್‌ನ ಶೋರ್ನ್‌ಡಾರ್ಫ್‌ನಲ್ಲಿ 1761ರಲ್ಲಿ ಹುಟ್ಟಿದ ಜರ್ಮನ್. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದ, ಬೋರ್ಡೋದಲ್ಲಿ ಮನೆಪಾಠ ಹೇಳಿದ, ಕ್ರಾಂತಿಯ ಜೊತೆ ನಿಂತು ಫ್ರಾನ್ಸಿನ ಸೇವೆಗೆ ಸೇರಿದ. ಜರ್ಮನ್ ಊರಿಗೆ ಫ್ರಾನ್ಸ್ ಪರವಾಗಿ ಜರ್ಮನ್ನನೇ ಬಂದಂತಾಯಿತು.

ಹ್ಯಾಂಬರ್ಗಿನ ಸೆನೆಟ್ ಅವನನ್ನು ಸ್ವೀಕರಿಸಲೂ ಆಗದೆ ತಳ್ಳಿಹಾಕಲೂ ಆಗದೆ ಒದ್ದಾಡಿತು. ಒಪ್ಪಿಕೊಂಡರೆ ಚಕ್ರವರ್ತಿಗೆ ಸಿಟ್ಟು. ಒಪ್ಪದಿದ್ದರೆ ಫ್ರಾನ್ಸ್ ಹ್ಯಾಂಬರ್ಗಿನ ಹಡಗುಗಳನ್ನು ತಡೆದು ನಿಲ್ಲಿಸುತ್ತದೆ. ನಿಲ್ಲಿಸಿಯೂ ಬಿಟ್ಟಿತು. ಕೊನೆಗೆ 1796ರಲ್ಲಿ ಗೇಯೋರ್ಗ್ ಹೈನ್‌ರಿಶ್ ಸೀವೆಕಿಂಗ್ ಎಂಬ ವರ್ತಕ ಪ್ಯಾರಿಸ್‌ಗೆ ಹೋಗಿ ಸಂಧಾನ ಮಾಡಿ ಬಂದ. ಈತ 1790ರಲ್ಲೇ ಕ್ರಾಂತಿಗೆ ನಾಂದಿಯಾದ ಬಾಸ್ಟೀಲ್ ಸೆರೆಮನೆಯ ಪತನದ ವಾರ್ಷಿಕೋತ್ಸವಕ್ಕೆ ಹ್ಯಾಂಬರ್ಗಿನ ಹೊರವಲಯದಲ್ಲಿ ಹಬ್ಬ ಮಾಡಿದ್ದವನು. ಅದೇ 1796ರಲ್ಲಿ ರೈನ್‌ಹಾರ್ಡ್ ಮದುವೆಯಾದ ಕ್ರಿಸ್ಟೀನೆ ರೈಮಾರುಸ್, ಸೀವೆಕಿಂಗ್‌ನ ಹೆಂಡತಿಯ ತಂಗಿ. ಅಂದರೆ ರಾಯಭಾರಿಯೂ ಸಂಧಾನಕಾರನೂ ಷಡ್ಡಕರಾದರು. ಆಸ್ಥಾನವಿಲ್ಲದ ಊರಿನಲ್ಲಿ ರಾಜತಾಂತ್ರಿಕತೆ ನಡೆಯುತ್ತಿದ್ದದ್ದು ಹೀಗೆ: ವರ್ತಕರ ಹಜಾರದಲ್ಲಿ, ಊಟದ ಮೇಜಿನ ಸುತ್ತ, ನೆಂಟಸ್ತಿಕೆಯ ಒಳಗೆ. ರೈನ್‌ಹಾರ್ಡ್ ಮುಂದೆ 1799ರಲ್ಲಿ ಕೆಲವು ತಿಂಗಳು ಫ್ರಾನ್ಸಿನ ವಿದೇಶಾಂಗ ಮಂತ್ರಿಯೇ ಆದ, 1802ರಲ್ಲಿ ಮತ್ತೆ ಹ್ಯಾಂಬರ್ಗಿಗೆ ಬಂದ.

ಇಷ್ಟಾದರೂ ತಟಸ್ಥತೆ ದುಬಾರಿಯಾಗುತ್ತಾ ಹೋಯಿತು. 1798ರ ನವೆಂಬರ್‌ನಲ್ಲಿ ಐರಿಷ್ ಬಂಡಾಯಗಾರ ನ್ಯಾಪರ್ ಟ್ಯಾಂಡಿಯನ್ನು ಹ್ಯಾಂಬರ್ಗಿನಲ್ಲಿ ಬಂಧಿಸಿದರು. ಅವನು ಫ್ರೆಂಚ್ ಸೈನ್ಯದ ಅಧಿಕಾರಿ, ಬಿಡಿ ಎಂದಿತು ಫ್ರಾನ್ಸ್. ನಮ್ಮ ದ್ರೋಹಿ, ಕೊಡಿ ಎಂದಿತು ಬ್ರಿಟನ್. ತಿಂಗಳುಗಟ್ಟಲೆ ಹಿಂದೇಟು ಹಾಕಿದ ಸೆನೆಟ್ 1799ರಲ್ಲಿ ಅವನನ್ನು ಬ್ರಿಟನ್ನಿಗೆ ಒಪ್ಪಿಸಿತು. ಆಮೇಲೆ ನೆಪೋಲಿಯನ್‌ನ ಕೋಪವನ್ನು ಲಕ್ಷಾಂತರ ಫ್ರಾಂಕ್ ಕೊಟ್ಟು ತಣಿಸಬೇಕಾಯಿತು. 1804ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಸೈನಿಕರು ರಾತ್ರೋರಾತ್ರಿ ಹ್ಯಾಂಬರ್ಗಿನ ನೆಲಕ್ಕೆ ನುಗ್ಗಿ ಬ್ರಿಟಿಷ್ ಪ್ರತಿನಿಧಿ ಜಾರ್ಜ್ ರಂಬೋಲ್ಡ್‌ನನ್ನೇ ಎತ್ತಿಕೊಂಡು ಹೋದರು. ಪ್ರಶ್ಯದ ದೊರೆ ಪ್ರತಿಭಟಿಸಿದ ಮೇಲಷ್ಟೇ ಅವನನ್ನು ಬಿಟ್ಟದ್ದು. ದೂತರಿಗೆ ರಕ್ಷಣೆಯಿಲ್ಲದ ಊರಿನಲ್ಲಿ ದೂತನನ್ನು ಇಟ್ಟು ಏನು ಪ್ರಯೋಜನ ಎಂದು ಪ್ಯಾರಿಸ್‌ನಲ್ಲಿ ಯಾರಾದರೂ ಕೇಳಬೇಕಿತ್ತು.

1805ರಲ್ಲಿ ಫ್ರಾನ್ಸಿನ ಹೊಸ ದೂತನಾಗಿ ಬಂದವನು ನೆಪೋಲಿಯನ್‌ನ ಸಹಪಾಠಿ, ಒಂದು ಕಾಲದ ಕಾರ್ಯದರ್ಶಿ ಬೂರಿಯೆನ್. ಮರುವರ್ಷ ನವೆಂಬರ್‌ನಲ್ಲಿ ಫ್ರೆಂಚ್ ಸೈನ್ಯ ಊರನ್ನು ಹಿಡಿಯಿತು. ಅದೇ ತಿಂಗಳ 21ರಂದು ನೆಪೋಲಿಯನ್‌ನ ಬರ್ಲಿನ್ ಆಜ್ಞೆ ಹೊರಟಿತು: ಇಂಗ್ಲಿಷ್ ಸರಕು ಯುರೋಪಿನ ಯಾವ ಬಂದರಿಗೂ ಬರಕೂಡದು. ಆಗ ಒಂದೊಂದು ಪರವಾನಗಿ ಚೀಟಿಗೂ ಬೆಲೆ ಬಂತು. ಲಂಚ ತಿಂದ ಎಂಬ ಕೆಟ್ಟ ಹೆಸರು ಬೂರಿಯೆನ್‌ಗೆ ಅಂಟಿದ್ದು ಆ ದಿನಗಳಲ್ಲೇ. ಅವನ ಹೆಸರಿನಲ್ಲಿ ಬಂದ ನೆನಪುಗಳ ಪುಸ್ತಕವನ್ನು ಪೂರ್ತಿ ನಂಬುವಂತಿಲ್ಲ, ಅದರಲ್ಲಿ ಬೇರೆಯವರ ಕೈಯೂ ಇದೆ. ಆದರೂ ಅಲ್ಲಿನ ಒಂದು ಪ್ರಸಂಗ ಆ ನೀತಿ ಎಲ್ಲಿ ಎಡವಿತು ಎಂಬುದನ್ನು ತೋರಿಸುತ್ತದೆ. ಸೈನ್ಯಕ್ಕೆ 50,000 ದಪ್ಪ ಕೋಟುಗಳನ್ನು ಬೇಗ ಒದಗಿಸು ಎಂದು ಆಜ್ಞೆ ಬಂತು. ಅಷ್ಟು ಬಟ್ಟೆ ಅಲ್ಲಿ ಸಿಗುವಂತಿರಲಿಲ್ಲ. ಅವನು ಇಂಗ್ಲೆಂಡಿನಿಂದಲೇ ಬಟ್ಟೆ ತರಿಸಿದ.

1810ರ ಡಿಸೆಂಬರ್‌ನಲ್ಲಿ ನೆಪೋಲಿಯನ್ ಮೂರೂ ನಗರಗಳನ್ನು ಫ್ರಾನ್ಸಿಗೇ ಸೇರಿಸಿಕೊಂಡ. ಹ್ಯಾಂಬರ್ಗ್ ‘ಎಲ್ಬೆ ನದೀಮುಖ’ ಎಂಬ ಜಿಲ್ಲೆಯ ಕೇಂದ್ರವಾಯಿತು. ರಾಯಭಾರಿಯ ಹುದ್ದೆಗೆ ಅರ್ಥ ಉಳಿಯಲಿಲ್ಲ. ಒಂದೂವರೆ ಶತಮಾನಕ್ಕೂ ಮಿಕ್ಕಿ ಯಾವುದಕ್ಕಾಗಿ ದೂತರನ್ನು ಕಳಿಸಿತ್ತೋ ಅದನ್ನು ಫ್ರಾನ್ಸ್ ಸ್ವಂತ ಕೈಯಾರೆ ಮುಗಿಸಿತು. ಬಂದರು ಬಡವಾಯಿತು. 1813ರಲ್ಲಿ ಶತ್ರುಗಳ ಮುತ್ತಿಗೆಯ ಎದುರು ಊರನ್ನು ಹಿಡಿದಿಟ್ಟ ಫ್ರೆಂಚ್ ಮಾರ್ಷಲ್ ದಾವೂ ಹ್ಯಾಂಬರ್ಗ್ ಬ್ಯಾಂಕಿನ ಬೆಳ್ಳಿಯನ್ನು ವಶಪಡಿಸಿಕೊಂಡ. ಊಟಕ್ಕೆ ಗತಿಯಿಲ್ಲದ ಸಾವಿರಾರು ಬಡವರನ್ನು ಆ ಚಳಿಗಾಲದಲ್ಲೇ ಊರ ಹೊರಗೆ ಅಟ್ಟಿದ. ಎಷ್ಟೋ ಜನ ಅಲ್ಲೇ ಸತ್ತರು. ಮೊದಲಿನ ಎಲ್ಲ ರಾಜತಂತ್ರದ ಲೆಕ್ಕವನ್ನೂ ಇದರ ಎದುರಿಗಿಟ್ಟೇ ನೋಡಬೇಕು.

1815ರ ಬಳಿಕ ನಗರಗಳು ಮತ್ತೆ ಸ್ವತಂತ್ರವಾದವು, ಫ್ರೆಂಚ್ ಪ್ರತಿನಿಧಿಯೂ ಮರಳಿದ. ಆ ಕಡೆ ಪ್ಯಾರಿಸ್‌ನಲ್ಲಿ ಮೂರೂ ನಗರಗಳು ಸೇರಿ ಒಬ್ಬನೇ ದೂತನನ್ನು ಇಟ್ಟವು. ಆ ದೂತರಲ್ಲಿ ವಿನ್ಸೆಂಟ್ ರುಂಫ್ 1824ರಿಂದ 1864ರವರೆಗೆ, ನಾಲ್ಕು ದಶಕ, ಆ ಕೆಲಸ ಮಾಡಿದ. 1865ರಲ್ಲಿ ಹೊಸ ವ್ಯಾಪಾರ ಒಪ್ಪಂದವೂ ಆಯಿತು.

ಎರಡೇ ವರ್ಷದಲ್ಲಿ, 1867ಕ್ಕೆ, ಮೂರೂ ನಗರಗಳು ಪ್ರಶ್ಯದ ಮುಂದಾಳ್ತನದ ಉತ್ತರ ಜರ್ಮನ್ ಒಕ್ಕೂಟಕ್ಕೆ ಸೇರಿದವು. ಯುದ್ಧ, ಶಾಂತಿ, ಒಪ್ಪಂದಗಳೆಲ್ಲ ಬರ್ಲಿನ್ನಿನ ಪಾಲಾದವು. ಹ್ಯಾಂಬರ್ಗಿನಲ್ಲಿ ಫ್ರಾನ್ಸಿಗೆ ಉಳಿದದ್ದು ಕಾನ್ಸುಲರ ಕಚೇರಿ. ನೀವು ಕೇಳಿದ ‘ಒಬ್ಬ ಕಾನ್ಸುಲ್ ಸಾಲದೇ’ ಎಂಬ ಮಾತು ನಿಜವಾಗಿದ್ದು ಆಗಲೇ. ಆ ಕುರ್ಚಿಯಲ್ಲಿ 1913ರಲ್ಲಿ ಬಂದು ಕೂತವನು ಕವಿ, ನಾಟಕಕಾರ ಪೌಲ್ ಕ್ಲೋದೆಲ್. ಮರುವರ್ಷ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಾಗ ಅವನು ಹೊರಡಬೇಕಾಯಿತು. 1795ರಲ್ಲಿ ಫ್ರಾನ್ಸಿನ ದೂತನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಚರ್ಚಿಸಿದ್ದ ಸೆನೆಟ್‌ಗೆ ಈ ಸಲ ಆ ವಿಷಯದಲ್ಲಿ ಮಾತಾಡುವ ಅಧಿಕಾರವೇ ಇರಲಿಲ್ಲ.