ಗುಡುಗಿಗೆ ಬಿಸಿಲು ಬೇಕು

ಮೇ ತಿಂಗಳ ಮಧ್ಯಾಹ್ನ, ಮೂರು ಗಂಟೆ. ಪಾಂಡವಪುರದ ಕಡೆಯ ಹೊಲದಲ್ಲಿ ಒಂದೆಲೆ ಅಲುಗುವುದಿಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡಿದೆ. "ಈ ಸೆಕೆ ನೋಡಿದ್ರೆ ಸಂಜೆಗೆ ಹುಯ್ತದೆ ಕಣಪ್ಪ" ಅನ್ನುತ್ತಾರೆ ಹಿರಿಯರು. ಗುಡುಗುಮಳೆಯ ಅರ್ಧ ವಿಜ್ಞಾನ ಆ ಮಾತಿನಲ್ಲೇ ಇದೆ.

ಸೆಕೆ ಅಂದರೆ ಬರೀ ಬಿಸಿಲಲ್ಲ, ಗಾಳಿಯಲ್ಲಿ ತೇವವೂ ಸೇರಿದೆ ಎಂದರ್ಥ. ಬೆಳಗಿನಿಂದ ಕಾದ ನೆಲ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಅದು ಹಗುರಾಗಿ ಏರುತ್ತ, ಹಿಗ್ಗುತ್ತ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಒಂದೆತ್ತರದಲ್ಲಿ ಆವಿ ಹನಿಗಟ್ಟಿ ಮೋಡವಾಗುತ್ತದೆ. ನನಗೆ ಬೆರಗು ಹುಟ್ಟಿಸುವುದು ಇದರ ಮುಂದಿನದು. ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖ, ಆವಿ ಮತ್ತೆ ನೀರಾಗುವಾಗ ಹೊರಬರುತ್ತದೆ. ಒಂದು ಗ್ರಾಂ ನೀರಿಗೆ ಸುಮಾರು 600 ಕ್ಯಾಲೊರಿ! ಎಲ್ಲೋ ಕಡಲಿನ ಮೇಲೆ, ಕೆರೆಯ ಮೇಲೆ, ಕಬ್ಬಿನ ಗದ್ದೆಯ ಮೇಲೆ ಬಿದ್ದ ಬಿಸಿಲು ಈಗ ಮೋಡದ ಹೊಟ್ಟೆಯೊಳಗೆ ಒಲೆ ಹಚ್ಚುತ್ತದೆ. ಮೋಡ ಹೂಕೋಸಿನಂತೆ ಗಡ್ಡೆಗಡ್ಡೆಯಾಗಿ ಉಬ್ಬಿ 12–15 ಕಿಲೋಮೀಟರ್ ಎತ್ತರ ಮುಟ್ಟುತ್ತದೆ.

ಐದು ಕಿಲೋಮೀಟರ್ ದಾಟಿದ ಮೇಲೆ ಅಲ್ಲಿ ಹಿಮ. ಹಗುರ ಹರಳುಗಳಿಗೂ ಸಬ್ಬಕ್ಕಿಯಂಥ ಹಿಮದುಂಡೆಗಳಿಗೂ ಡಿಕ್ಕಿಯಾಗುತ್ತ ಹರಳುಗಳು ಧನ ವಿದ್ಯುದಂಶ ಹೊತ್ತು ಮೇಲೇರುತ್ತವೆ, ಉಂಡೆಗಳು ಋಣ ವಿದ್ಯುದಂಶದೊಂದಿಗೆ ಕೆಳಗುಳಿಯುತ್ತವೆ. ಗಾಳಿ ತಡೆಯಲಾರದಷ್ಟು ವಿದ್ಯುತ್ ಕೂಡಿದಾಗ ಮಿಂಚು. ಅದು ಹಾದ ದಾರಿಯ ಗಾಳಿ 30,000 ಡಿಗ್ರಿಯವರೆಗೆ ಕಾದು ಸಿಡಿಯುವ ಸದ್ದೇ ಗುಡುಗು. ಮಿಂಚಿ ಮೂರು ಸೆಕೆಂಡಿಗೆ ಗುಡುಗಿದರೆ ಒಂದು ಕಿಲೋಮೀಟರ್ ದೂರ. ಆ ಹೊತ್ತಿನಲ್ಲಿ ತೆಂಗಿನ ಮರದಡಿ ನಿಂತವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಸಿಡಿಲು ಬಡಿದು, ಸುಳಿ ಸುಟ್ಟು, ಬೋಳುಗಂಬವಾದ ತೆಂಗನ್ನು ಮುಟ್ಟಿ ನೋಡಿದವನು ನಾನು.

ಆಷಾಢದಲ್ಲಿ ಮುಂಗಾರು ಭರ್ತಿಯಾಗಿರುವಾಗ ಮಾತ್ರ ಇಲ್ಲಿ ಗುಡುಗು ಅಪರೂಪ. ಪಡುವಣ ಗಾಳಿ ತನ್ನ ನೀರನ್ನು ಘಟ್ಟದಲ್ಲೇ ಸುರಿಸಿ ನಮಗೆ ತುಂತುರು ಉಳಿಸುತ್ತದೆ. ಕನ್ನಂಬಾಡಿ ಕಟ್ಟೆ ತುಂಬುವುದು ಕೊಡಗಿನ ಮಳೆಗೆ. ನಮ್ಮ ಮೇಲೆ ದಿನವಿಡೀ ಮುಸುಕು. ನೆಲ ಕಾಯದು, ಕುಳ್ಳ ಮೋಡಗಳು ಹಿಮದ ಎತ್ತರ ಮುಟ್ಟವು. ಮಂಡ್ಯ, ಮೈಸೂರಿಗೆ ಹೆಚ್ಚು ಮಳೆ ಕೊಡುವುದು ಮೇ, ಸೆಪ್ಟೆಂಬರ್, ಅಕ್ಟೋಬರ್: ಗುಡುಗುವ ತಿಂಗಳುಗಳೇ.

ಗಾಳಿಯ ಬಲ ಕುಂದಿ, ಮುಸುಕು ಹರಿದು, ಒದ್ದೆ ನೆಲಕ್ಕೆ ಮತ್ತೆ ಬಿಸಿಲು ತಾಗಿದಾಗ ಹಸ್ತ, ಚಿತ್ತದ ಮಳೆ ಶುರು. ದಸರೆಯ ಜಂಬೂಸವಾರಿ ಹೊರಡುವುದೂ ಮಧ್ಯಾಹ್ನವೇ. ಬೆಳಿಗ್ಗೆ ಬಿಸಿಲು ಚುರುಕಾಗಿದ್ದರೆ ಕೊಡೆ ಹಿಡಿದೇ ಬನ್ನಿ.